ಗಾಡಿಯ ಬೆನ್ನಿನ ಮೂರಕ್ಷರ

ನಾನಿರುವುದು ಚೆನ್ನೈನ ಪೆರಂಬೂರಿನಲ್ಲಿ. ಇಲ್ಲಿನ ಪೇಪರ್ ಮಿಲ್ಸ್ ರಸ್ತೆಯಲ್ಲಿ ಸಂಜೆ ಹೊತ್ತು ಗಾಡಿಗಳು ಒಂದರ ಹಿಂದೆ ಒಂದು ನಿಂತಾಗ ಮುಂದಿನ ಗಾಡಿಯ ಬೆನ್ನನ್ನು ಓದದೆ ಬೇರೆ ದಾರಿಯಿಲ್ಲ. ಒಂದರ ಮೇಲೆ ದೇವರ ಹೆಸರು, ಇನ್ನೊಂದರ ಮೇಲೆ ನಟನ ಮುಖ, ಮತ್ತೊಂದರ ಮೇಲೆ ಪಕ್ಷದ ಬಾವುಟ. ಇವುಗಳ ನಡುವೆ ಇನ್ನೊಂದು ಬಗೆಯವೂ ಇರುತ್ತವೆ: ಪೊಲೀಸ್, ಪ್ರೆಸ್, ವಕೀಲರು, ಹೈಕೋರ್ಟ್, ಸೆಕ್ರೆಟೇರಿಯಟ್. ಗಾಡಿ ಓಡಿಸುವಾತ ಪೊಲೀಸ್ ಇಲಾಖೆಯವನೇ ಆಗಿರಬೇಕೆಂದಿಲ್ಲ. ಅಣ್ಣನೋ ಭಾವನೋ ಆ ಕೆಲಸದಲ್ಲಿದ್ದರೂ ಸಾಕು, ಸ್ಟಿಕ್ಕರ್ ಮನೆಮಂದಿಗೆಲ್ಲ ಸಲ್ಲುತ್ತದೆ. ಈ ಕಾಟ ಮಿತಿಮೀರಿದ್ದರಿಂದ 2024ರ ಮೇ 2ರಿಂದ ಚೆನ್ನೈ ಸಂಚಾರಿ ಪೊಲೀಸರು ಇಂಥ ಸ್ಟಿಕ್ಕರುಗಳ ಮೇಲೆ ಕ್ರಮ ಶುರುಮಾಡಿದರು. ಮೊದಲ ಸಲಕ್ಕೆ ಐನೂರು ರೂಪಾಯಿ ದಂಡ. ನಂಬರ್ ಪ್ಲೇಟಿನ ಮೇಲೆ ನಂಬರನ್ನು ಬಿಟ್ಟು ಬೇರೇನಿದ್ದರೂ ತಪ್ಪು ಎಂದು ಮತ್ತೊಮ್ಮೆ ಸಾರಿ ಹೇಳಿದರು. ಮೊದಲ ಕೆಲವು ವಾರ ಬ್ಲೇಡು ಹಿಡಿದು ಗಾಜು ಕೆರೆಯುತ್ತಿದ್ದವರನ್ನು ನಮ್ಮ ಬೀದಿಯಲ್ಲೂ ನೋಡಿದೆವು.

ಇವತ್ತು ನಾನು ಹೇಳಹೊರಟಿರುವುದು ಇದಕ್ಕೆ ತಿರುವುಮುರುವಾದ ಒಂದು ಸ್ಟಿಕ್ಕರಿನ ಸಂಗತಿ. ಅದನ್ನು ಅಂಟಿಸಿಕೊಳ್ಳಿ ಎಂದು ಕಾನೂನೇ ಹೇಳುತ್ತದೆ. ಅಂಟಿಸದಿದ್ದರೆ ಕೆಲವು ದೇಶಗಳಲ್ಲಿ ದಂಡ ಬೀಳುತ್ತದೆ. ಅದು ಸ್ವಂತ ಗಾಡಿಯಲ್ಲಿ ದೇಶದ ಗಡಿ ದಾಟುವವರು ಹಿಂಭಾಗದಲ್ಲಿ ಹಾಕಿಕೊಳ್ಳಬೇಕಾದ ದೇಶದ ಗುರುತು. ಬಿಳಿಯ ಅಂಡಾಕಾರ, ಅದರೊಳಗೆ ಕಪ್ಪಿನಲ್ಲಿ ಒಂದರಿಂದ ಮೂರು ಅಕ್ಷರ. ಭಾರತಕ್ಕೆ ಐಎನ್‌ಡಿ, ಜರ್ಮನಿಗೆ ಡಿ, ಫ್ರಾನ್ಸಿಗೆ ಎಫ್.

ಅಂಥ ಗುರುತು ಯಾಕೆ ಬೇಕು ಎಂಬುದನ್ನು ಪೆರಂಬೂರಿನವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಇದು ರೈಲಿನ ಊರು. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಇಲ್ಲಿದೆ. ಅದಕ್ಕಿಂತ ಬಹಳ ಹಳೆಯದಾದ ಕ್ಯಾರೇಜ್ ವರ್ಕ್ಸ್ ಕೂಡ ಇಲ್ಲಿದೆ. ನಿಲ್ದಾಣದಲ್ಲಿ ನಿಂತ ಯಾವುದೇ ಬೋಗಿಯ ಮೈಯನ್ನು ಗಮನವಿಟ್ಟು ನೋಡಿ. ಅದು ಯಾವ ವಲಯಕ್ಕೆ ಸೇರಿದ್ದು ಎಂದು ಬರೆದಿರುತ್ತದೆ. ನಂಬರಿನ ಮೊದಲೆರಡು ಅಂಕಿ ಅದು ತಯಾರಾದ ವರ್ಷವನ್ನು ಹೇಳುತ್ತದೆ. ದೊಡ್ಡ ದುರಸ್ತಿ ಯಾವ ಕಾರ್ಖಾನೆಯಲ್ಲಿ, ಯಾವ ತಿಂಗಳು ನಡೆಯಿತು ಎಂಬುದೂ ಅಲ್ಲೇ ಇರುತ್ತದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಯ ಬೋಗಿ ಗುವಾಹಟಿಯಲ್ಲಿ ಕೆಟ್ಟು ನಿಂತರೆ, ಅಲ್ಲಿನ ಮೇಸ್ತ್ರಿ ಆ ಬರಹ ನೋಡಿ ಯಾರಿಗೆ ತಿಳಿಸಬೇಕೋ ಅವರಿಗೆ ತಿಳಿಸುತ್ತಾನೆ. ಬೋಗಿಯ ಮೇಲಿನ ಆ ಅಕ್ಷರಗಳಿಂದ ಅದಕ್ಕೆ ಯಾವ ದೊಡ್ಡಸ್ತಿಕೆಯೂ ಬರುವುದಿಲ್ಲ. ಕೆಟ್ಟರೆ ಯಾರು ಜವಾಬ್ದಾರರು ಎಂಬುದಷ್ಟೇ ತಿಳಿಯುತ್ತದೆ. ಕಾರಿನ ಹಿಂದಿನ ಅಂಡಾಕಾರದ ಬಿಲ್ಲೆಯೂ ಇದೇ ಜಾತಿಯದು.

ಇದರ ಚರಿತ್ರೆ ನೂರು ವರ್ಷ ಮೀರಿದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಯುರೋಪಿನ ಸಿರಿವಂತರು ಮೋಟಾರು ಹತ್ತಿ ಗಡಿಗಳನ್ನು ದಾಟತೊಡಗಿದರು. ಪ್ರತಿ ದೇಶವೂ ತನ್ನ ಗಾಡಿಗಳಿಗೆ ತನ್ನದೇ ನಂಬರು ಕೊಡುತ್ತಿತ್ತು. ಒಂದೇ ನಂಬರು ಎರಡು ಮೂರು ದೇಶಗಳಲ್ಲಿ ಇರಬಹುದಾಗಿತ್ತು. ಹಳ್ಳಿಯೊಂದರಲ್ಲಿ ಎತ್ತಿಗೆ ಗುದ್ದಿ ಓಡಿಹೋದ ಮೋಟಾರಿನ ನಂಬರನ್ನು ಯಾರೋ ನೋಡಿಟ್ಟುಕೊಂಡರೂ ಅದನ್ನು ಯಾವ ದೇಶದ ದಫ್ತರದಲ್ಲಿ ಹುಡುಕುವುದು? ಈ ತೊಡಕು ಬಿಡಿಸಲು 1909ರ ಅಕ್ಟೋಬರ್ 11ರಂದು ಪ್ಯಾರಿಸ್ಸಿನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ನಂಬರಿನ ಜೊತೆಗೆ ದೇಶದ ಅಕ್ಷರವಿರುವ ಅಂಡಾಕಾರದ ಫಲಕವೂ ಹಿಂದೆ ಇರಲೇಬೇಕು ಎಂದು ಅದರಲ್ಲಿ ತೀರ್ಮಾನಿಸಿದರು. ಫಲಕದ ಅಗಲ 30 ಸೆಂಟಿಮೀಟರ್, ಎತ್ತರ 18 ಸೆಂಟಿಮೀಟರ್. ಅಂದರೆ ಅದು ಈಗಿನ ಸ್ಟಿಕ್ಕರಿನಂತಲ್ಲ, ಊಟದ ತಟ್ಟೆಯಷ್ಟು ದೊಡ್ಡ ತಗಡು.

1926ರಲ್ಲಿ ಪ್ಯಾರಿಸ್ಸಿನಲ್ಲೇ ಮತ್ತೊಂದು ಒಪ್ಪಂದವಾಯಿತು. 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ, 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ರಸ್ತೆ ಸಂಚಾರದ ಒಪ್ಪಂದಗಳು ಬಂದವು. ಇವುಗಳಲ್ಲಿ ನಮಗೆ ಮುಖ್ಯವಾದುದು ಜಿನೀವಾದ್ದು, ಭಾರತ 1962ರಲ್ಲಿ ಅದಕ್ಕೆ ಸೇರಿತು. ಬ್ರಿಟಿಷರ ಆಳ್ವಿಕೆಯಲ್ಲಿ ಬ್ರಿಟಿಷ್ ಇಂಡಿಯಾ ಎಂಬುದಕ್ಕೆ ಬಿಐ ಎಂಬ ಅಕ್ಷರಗಳಿದ್ದವು, ಸ್ವಾತಂತ್ರ್ಯದ ಬಳಿಕ ನಮ್ಮ ಗುರುತು ಐಎನ್‌ಡಿ ಆಯಿತು. ಜಿನೀವಾ ಒಪ್ಪಂದದ ಅಳತೆ ಹೀಗಿದೆ: ಅಕ್ಷರಗಳ ಎತ್ತರ ಕನಿಷ್ಠ 80 ಮಿಲಿಮೀಟರ್, ಗೆರೆಯ ದಪ್ಪ ಕನಿಷ್ಠ 10 ಮಿಲಿಮೀಟರ್. ಮೂರಕ್ಷರವಿದ್ದರೆ ಅಂಡಾಕಾರ ಕನಿಷ್ಠ 240 ಮಿಲಿಮೀಟರ್ ಅಗಲ, 145 ಮಿಲಿಮೀಟರ್ ಎತ್ತರ. ಒಂದೋ ಎರಡೋ ಅಕ್ಷರವಾದರೆ 175ಕ್ಕೆ 115 ಸಾಕು. ಹಿಂದೆ ಟ್ರೈಲರ್ ಕಟ್ಟಿಕೊಂಡಿದ್ದರೆ ಅದರ ಬೆನ್ನಿಗೂ ಈ ಗುರುತು ಬೇಕು.

ಈ ಅಳತೆಗಳನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಗೆಳೆಯರ ಜೊತೆ ಕಾರಿನಲ್ಲೇ ದೂರದ ದೇಶಗಳಿಗೆ ಹೋಗುವ ಯೋಚನೆಯಲ್ಲಿದ್ದಾನೆ. ಅವನೊಮ್ಮೆ ಫೋನಿನಲ್ಲಿ ಕೇಳಿದ: "ಮಾವ, ಹೊಸ ನಂಬರ್ ಪ್ಲೇಟಿನಲ್ಲೇ ಐಎನ್‌ಡಿ ಅಂತ ಅಚ್ಚಾಗಿ ಬಂದಿದೆಯಲ್ಲ, ಮತ್ತೆ ಇನ್ನೊಂದು ಸ್ಟಿಕ್ಕರ್ ಯಾಕೆ ಅಂಟಿಸಬೇಕು?"

ಪ್ರಶ್ನೆ ಸರಿಯಾದದ್ದೇ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲಕ್ಕೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕಡ್ಡಾಯ. ಹಳೆಯ ಗಾಡಿಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶ ಹೊರಡಿಸಿ, ಮೊದಲು ಕೊಟ್ಟ ನವೆಂಬರ್ 17ರ ಗಡುವನ್ನು ಮತ್ತೆ ಮತ್ತೆ ಮುಂದೂಡಿದ್ದು ನಿಮಗೆ ನೆನಪಿರಬಹುದು. ಆ ಪ್ಲೇಟಿನ ಎಡಮೂಲೆಯಲ್ಲಿ ಅಶೋಕ ಚಕ್ರವಿರುವ ಹೊಲೊಗ್ರಾಂ ಇದೆ, ಅಗಲ ಎತ್ತರ ಎರಡೂ 20 ಮಿಲಿಮೀಟರ್. ಅದರ ಕೆಳಗೆ ನೀಲಿ ಬಣ್ಣದಲ್ಲಿ ಐಎನ್‌ಡಿ, ಲೇಸರಿನಲ್ಲಿ ಕೊರೆದ ಒಂದು ಗುರುತಿನ ಸಂಖ್ಯೆ. ಇದೆಲ್ಲ ಇರುವುದು ಕಳ್ಳ ಪ್ಲೇಟು ತಡೆಯುವುದಕ್ಕೆ, ನಮ್ಮ ದೇಶದೊಳಗಿನ ಭದ್ರತೆಗೆ. ಆ ಐಎನ್‌ಡಿ ಹತ್ತಿರ ಹೋಗಿ ನೋಡಿದರೆ ಮಾತ್ರ ಓದಲು ಸಿಗುತ್ತದೆ. ಜಿನೀವಾ ಒಪ್ಪಂದ ಕೇಳುವುದು 80 ಮಿಲಿಮೀಟರ್ ಎತ್ತರದ ಅಕ್ಷರ. ನಮ್ಮ ಕಾರುಗಳ ನಂಬರಿನ ಅಂಕಿಗಳ ಎತ್ತರವೇ ನಿಯಮದ ಪ್ರಕಾರ 65 ಮಿಲಿಮೀಟರ್. ಅಂದರೆ ದೇಶದ ಗುರುತು ಗಾಡಿಯ ನಂಬರಿಗಿಂತ ದೊಡ್ಡದಾಗಿರಬೇಕು. ಹಿಂದೆ ಬರುತ್ತಿರುವ ಪೊಲೀಸನಿಗೆ, ಅಪಘಾತ ಕಂಡ ದಾರಿಹೋಕನಿಗೆ, ಟೋಲ್‌ಗೇಟಿನಲ್ಲಿ ಕುಳಿತವನಿಗೆ ಮೊದಲು ಕಾಣಬೇಕಾದದ್ದು ದೇಶದ ಹೆಸರು, ನಂಬರು ಆಮೇಲೆ. ಆದ್ದರಿಂದ ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರ ಚಿಕ್ಕದು: ಪ್ಲೇಟಿನ ಮೇಲಿನದು ಪ್ಲೇಟಿಗಾಯಿತು, ಬೆನ್ನಿಗೆ ಬೇರೆಯದೇ ಬೇಕು.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಈ ಗುರುತು ಗಾಡಿ ನೋಂದಣಿಯಾದ ದೇಶದ್ದು, ಗಾಡಿ ಓಡಿಸುವವನ ದೇಶದ್ದಲ್ಲ. ಮ್ಯೂನಿಕ್ಕಿನಲ್ಲಿ ಕೆಲಸ ಮಾಡುವ ಹಾಸನದ ಹುಡುಗ ಅಲ್ಲಿ ಕೊಂಡ ಕಾರಿನಲ್ಲಿ ಇಟಲಿಗೆ ಹೋದರೆ ಅವನ ಜೇಬಿನಲ್ಲಿ ಭಾರತದ ಪಾಸ್‌ಪೋರ್ಟ್ ಇರುತ್ತದೆ, ಕಾರಿನ ಬೆನ್ನಿನಲ್ಲಿ ಜರ್ಮನಿಯ ಡಿ ಇರುತ್ತದೆ. ಅವನು ಅಭಿಮಾನಕ್ಕೆಂದು ಐಎನ್‌ಡಿ ಅಂಟಿಸಿದರೆ ಅದು ಸುಳ್ಳು ಗುರುತಾಗುತ್ತದೆ. ಪಾಸ್‌ಪೋರ್ಟ್ ಮನುಷ್ಯನದು, ಬಿಲ್ಲೆ ಗಾಡಿಯದು. ಇವೆರಡನ್ನೂ ಬೆರೆಸಿದಾಗಲೇ ಎಡವಟ್ಟುಗಳು ಹುಟ್ಟುವುದು. ಇದರ ಒಂದು ಕಹಿಯಾದ ಉದಾಹರಣೆ ನಮ್ಮ ದೇಶದೊಳಗೇ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ಅಕ್ಷರಗಳ ಪಟ್ಟಿಯಲ್ಲಿ ಇಪ್ಪತ್ತನೆಯ ಶತಮಾನದ ರಾಜಕೀಯವೇ ಅಡಗಿದೆ. ಪೂರ್ವ ಜರ್ಮನಿಯ ಕಾರುಗಳು 1974ರಿಂದ ಡಿಡಿಆರ್ ಎಂದು ಬೇರೆಯಾದವು, 1990ರಲ್ಲಿ ದೇಶ ಒಂದಾದಾಗ ಆ ಮೂರಕ್ಷರ ಇಲ್ಲವಾಯಿತು. ಯುಗೊಸ್ಲಾವಿಯದ ವೈಯು ಒಡೆದು ಅರ್ಧ ಡಜನ್ನಿಗೂ ಹೆಚ್ಚು ಗುರುತುಗಳಾದವು. ಫಿನ್ಲೆಂಡ್ 1993ರಲ್ಲಿ ಎಸ್‌ಎಫ್ ಬಿಟ್ಟು ಎಫ್‌ಐಎನ್ ಆಯಿತು. ನಮ್ಮ ಪಕ್ಕದ ಶ್ರೀಲಂಕಾ 1972ರಲ್ಲಿ ಹೆಸರು ಬದಲಿಸಿಕೊಂಡರೂ ಗಾಡಿಯ ಗುರುತಿನಲ್ಲಿ ಸಿಲೋನ್ ಕಾಲದ ಸಿಎಲ್ ಅನ್ನೇ ಉಳಿಸಿಕೊಂಡಿದೆ. ಸ್ವಿಟ್ಜರ್ಲೆಂಡಿನದು ಸಿಎಚ್. ನಾಲ್ಕು ಭಾಷೆಗಳ ಆ ದೇಶ ಯಾರಿಗೂ ಮನಸ್ತಾಪವಾಗದಿರಲೆಂದು ಲ್ಯಾಟಿನ್ ಹೆಸರಿನಿಂದ ಅಕ್ಷರ ತೆಗೆದುಕೊಂಡಿತು. ಸ್ವಿಟ್ಜರ್ಲೆಂಡ್ ಪೆರಂಬೂರಿಗೆ ಹೊಸದಲ್ಲ. ಇಲ್ಲಿನ ಕೋಚ್ ಫ್ಯಾಕ್ಟರಿ ಎದ್ದದ್ದೇ ಜ್ಯೂರಿಕ್ ಹತ್ತಿರದ ಶ್ಲೀರೆನ್ ಊರಿನ ಕಾರ್ಖಾನೆಯೊಂದರ ಜೊತೆ 1949ರಲ್ಲಿ ಆದ ಒಪ್ಪಂದದಿಂದ. ನಮ್ಮ ಅಜ್ಜಂದಿರು, ಅಪ್ಪಂದಿರು ಕೂತು ಹೋದ ಉಕ್ಕಿನ ಬೋಗಿಗಳ ಮೂಲ ನಕ್ಷೆ ಆ ಸಿಎಚ್ ದೇಶದ್ದು.

ತೀರ ಇತ್ತೀಚಿನ ದೊಡ್ಡ ಬದಲಾವಣೆ ಬ್ರಿಟನ್ನಿನದು. 1910ರಿಂದ ಇದ್ದ ಜಿಬಿಯನ್ನು ಬಿಟ್ಟು 2021ರ ಸೆಪ್ಟೆಂಬರ್ 28ರಿಂದ ಅದು ಯುಕೆ ಎಂಬ ಗುರುತು ತಂದಿತು. ಗ್ರೇಟ್ ಬ್ರಿಟನ್ ಎಂದರೆ ಉತ್ತರ ಐರ್ಲೆಂಡ್ ಹೊರಗುಳಿಯುತ್ತದೆ, ಯುನೈಟೆಡ್ ಕಿಂಗ್‌ಡಂ ಎಂದರೆ ಅದೂ ಸೇರುತ್ತದೆ. ಅಲ್ಲಿ ಕನ್ನಡಿಗರ ಸಂಸಾರಗಳು ಬಹಳ ಇವೆ. ಕನ್ನಡ ಬಳಗ ಯುಕೆ 1983ರಷ್ಟು ಹಿಂದೆಯೇ ಶುರುವಾದ ಸಂಸ್ಥೆ. ಬೇಸಿಗೆ ರಜೆಯಲ್ಲಿ ಅಲ್ಲಿನ ಮಗಳ ಮನೆಗೋ ಮಗನ ಮನೆಗೋ ಹೋದ ನಮ್ಮ ಕಡೆಯ ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡು, ಫೋಕ್‌ಸ್ಟನ್ನಿನಲ್ಲಿ ಕಾರನ್ನು ರೈಲಿಗೇರಿಸಿ, ಕಡಲ ಕೆಳಗಿನ ಸುರಂಗ ದಾಟಿ ಫ್ರಾನ್ಸಿಗೆ ಹೋಗುವುದು ಈಗ ಸಾಮಾನ್ಯ. ಅಂಥವರು ಮನೆ ಬಿಡುವ ಮೊದಲು ಕಾರಿನ ಹಿಂಭಾಗ ನೋಡಿಕೊಳ್ಳಬೇಕು. ನಂಬರ್ ಪ್ಲೇಟಿನಲ್ಲೇ ಯೂನಿಯನ್ ಬಾವುಟದ ಜೊತೆ ಯುಕೆ ಎಂದಿದ್ದರೆ ಹೆಚ್ಚಿನ ದೇಶಗಳಲ್ಲಿ ಅಷ್ಟೇ ಸಾಕು. ಪ್ಲೇಟಿನಲ್ಲಿ ಹಳೆಯ ಜಿಬಿ ಇದ್ದರೆ, ಯುರೋಪಿನ ನಕ್ಷತ್ರಗಳ ಗುರುತಿದ್ದರೆ, ಇಂಗ್ಲೆಂಡಿನದೋ ಸ್ಕಾಟ್ಲೆಂಡಿನದೋ ಬಾವುಟ ಮಾತ್ರ ಇದ್ದರೆ, ಇಲ್ಲವೆ ಬರಿಯ ನಂಬರಿದ್ದರೆ ಯುಕೆ ಸ್ಟಿಕ್ಕರ್ ಬೇಕೇ ಬೇಕು. ಸ್ಪೇನ್, ಮಾಲ್ಟಾ, ಸೈಪ್ರಸ್‌ಗಳಲ್ಲಿ ಪ್ಲೇಟಿನಲ್ಲಿ ಏನಿದ್ದರೂ ಸ್ಟಿಕ್ಕರ್ ತಪ್ಪದು. ಐರ್ಲೆಂಡಿಗೆ ಬೇಡ. ಹಳೆಯ ಜಿಬಿ ಸ್ಟಿಕ್ಕರ್ ಇದ್ದರೆ ಅದನ್ನು ಕಿತ್ತುಹಾಕಬೇಕು, ಇಲ್ಲವೆ ಮುಚ್ಚಬೇಕು.

ಯುರೋಪಿನ ಒಕ್ಕೂಟದ ದೇಶಗಳಲ್ಲೇ ನೋಂದಣಿಯಾದ ಗಾಡಿಯಲ್ಲಿ ಒಕ್ಕೂಟದೊಳಗೆ ಓಡಾಡುವವರಿಗೆ ಈ ತಾಪತ್ರಯವಿಲ್ಲ. ಪ್ಲೇಟಿನ ಎಡಗಡೆ ನೀಲಿ ಪಟ್ಟಿ, ಅದರಲ್ಲಿ ಹನ್ನೆರಡು ನಕ್ಷತ್ರಗಳ ಬಳೆ, ಕೆಳಗೆ ದೇಶದ ಅಕ್ಷರ. ಸದಸ್ಯ ದೇಶಗಳು ಪರಸ್ಪರ ಅದನ್ನು ಒಪ್ಪಬೇಕೆಂದು 1998ರಲ್ಲೇ ನಿಯಮವಾಗಿದೆ. ಆ ಗುರುತು ಸುಮ್ಮನೆ ಅಲಂಕಾರಕ್ಕಲ್ಲ ಎಂಬುದಕ್ಕೆ ಅಲ್ಲಿನ ಇನ್ನೊಂದು ಏರ್ಪಾಡು ಸಾಕ್ಷಿ. 2015ರ ಒಂದು ನಿರ್ದೇಶನದಂತೆ ರಸ್ತೆ ಸುರಕ್ಷತೆಯ ತಪ್ಪುಗಳ ವಿಷಯದಲ್ಲಿ ಸದಸ್ಯ ದೇಶಗಳು ಗಾಡಿಯ ಮಾಲೀಕರ ವಿವರವನ್ನು ಒಬ್ಬರಿಗೊಬ್ಬರು ಕೊಡುತ್ತವೆ. ಬೇರೆ ದೇಶದ ರಸ್ತೆಯಲ್ಲಿ ಅತಿವೇಗವಾಗಿ ಓಡಿಸಿ ಮನೆಗೆ ಬಂದರೆ, ಕೆಲವು ವಾರದ ಮೇಲೆ ದಂಡದ ಕಾಗದ ಹುಡುಕಿಕೊಂಡು ಮನೆಗೇ ಬರಬಹುದು. ಎತ್ತಿಗೆ ಗುದ್ದಿ ಓಡಿದವನನ್ನು ಹುಡುಕಲು 1909ರಲ್ಲಿ ಮಾಡಿದ ಉಪಾಯವೇ ಈಗ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದೆ.

ಇನ್ನು ನಮ್ಮಲ್ಲಿಂದ ಹೊರಡುವವರ ಮಾತು. ಚೆನ್ನೈನಿಂದ ತೀರ ಹತ್ತಿರದ ಪರದೇಶ ಶ್ರೀಲಂಕಾ. ಒಂದು ಕಾಲಕ್ಕೆ ಇಲ್ಲಿನ ಎಗ್ಮೋರಿನಲ್ಲಿ ಬೋಟ್ ಮೇಲ್ ರೈಲು ಹತ್ತಿದವರು ಧನುಷ್ಕೋಟಿಯಲ್ಲಿ ಹಡಗು ಹಿಡಿದು ತಲೈಮನ್ನಾರಿಗೆ ಇಳಿಯುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ನುಂಗಿಹಾಕಿತು. 2023ರ ಅಕ್ಟೋಬರ್ 14ರಂದು ನಾಗಪಟ್ಟಣದಿಂದ ಕಂಗೇಸನ್‌ತುರೈಗೆ ಶುರುವಾದ ಹಡಗು ಜನರಿಗಷ್ಟೇ, ಕಾರು ಹತ್ತಿಸುವ ಹಾಗಿಲ್ಲ. ಹಾಗಾಗಿ ಸ್ವಂತ ಗಾಡಿಯಲ್ಲಿ ಗಡಿ ದಾಟುವ ದಕ್ಷಿಣದವರು ಮೊದಲು ಕಾಣುವುದು ನೇಪಾಳವನ್ನು. ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರಾದ್ದರಿಂದ ಕನ್ನಡಿಗರಿಗೆ ಅದು ಪೂರ್ತಿ ಪರದೇಶ ಅನಿಸುವುದಿಲ್ಲ. ಗಡಿಯ ಸುಂಕದ ಕಚೇರಿಗೆ ಅಲ್ಲಿ ಭನ್ಸಾರ್ ಎನ್ನುತ್ತಾರೆ. ಎಷ್ಟು ದಿನ ಇರುತ್ತೀರೋ ಅಷ್ಟು ದಿನಕ್ಕೆ ಅಲ್ಲಿ ಹಣ ಕಟ್ಟಿ ಚೀಟಿ ತೆಗೆದುಕೊಂಡರೆ ಗಾಡಿ ಒಳಗೆ ಹೋಗುತ್ತದೆ. ಭೂತಾನಿಗೆ ಫುಂಟ್‌ಶೋಲಿಂಗಿನಲ್ಲಿ ಗಾಡಿಯ ಪರವಾನಗಿ ಪಡೆಯಬೇಕು.

ಇನ್ನೂ ದೂರ, ಇರಾನ್, ಟರ್ಕಿ, ಯುರೋಪಿನ ಕಡೆ ಹೋಗುವವರ ಚೀಲದಲ್ಲಿ ಎರಡು ದಾಖಲೆ ಇರಲೇಬೇಕು. ಒಂದು, ಆರ್‌ಟಿಓ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಮೂನೆ 4ಎ ತುಂಬಿ, ಪಾಸ್‌ಪೋರ್ಟ್ ಮತ್ತು ನಮ್ಮ ಲೈಸೆನ್ಸ್ ತೋರಿಸಿ ಪಡೆಯಬಹುದು, ಒಂದು ವರ್ಷ ನಡೆಯುತ್ತದೆ. ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ರೂಪದಲ್ಲಿದ್ದ ಈ ಪರವಾನಗಿಯನ್ನು 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ರೂಪಕ್ಕೆ ತಂದು ಕ್ಯೂಆರ್ ಕೋಡ್ ಸೇರಿಸಿತು. ಎರಡನೆಯದು ಕಾರ್ನೆ ಎಂಬ ಪುಸ್ತಕ. ಗಾಡಿಯನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಳಗೆ ತಂದು, ಹಾಗೆಯೇ ಹೊರಗೆ ಒಯ್ಯುತ್ತೇನೆ ಎಂಬ ಜಾಮೀನು ಅದು. ಪ್ರತಿ ಗಡಿಯಲ್ಲೂ ಒಳಗೆ ಹೋಗುವಾಗ ಒಂದು ಮುದ್ರೆ, ಹೊರಗೆ ಬರುವಾಗ ಒಂದು ಮುದ್ರೆ. ಹೊರಬಂದ ಮುದ್ರೆ ಇಲ್ಲದಿದ್ದರೆ ಗಾಡಿಯನ್ನು ಅಲ್ಲೇ ಮಾರಿಬಂದಿದ್ದೀರಿ ಎಂದು ಲೆಕ್ಕ, ಜಾಮೀನಿನ ಹಣಕ್ಕೆ ಕುತ್ತು. ಇದನ್ನು ಕೊಡುವುದು ಸರ್ಕಾರವಲ್ಲ, ಮೋಟಾರು ಬಳಕೆದಾರರ ಸಂಘಗಳು. ನಮ್ಮ ದೇಶದ ದೂರಯಾತ್ರಿಕರು ಹೆಚ್ಚಾಗಿ ಹೋಗುವುದು ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ನಿಗೆ. ಇಷ್ಟೆಲ್ಲ ಕಾಗದ ಜೋಡಿಸಿದವರು ಕೊನೆಗೆ ಮರೆಯುವುದು ಎಲ್ಲಕ್ಕಿಂತ ಅಗ್ಗದ ಆ ಸ್ಟಿಕ್ಕರನ್ನು.

ಇಲ್ಲಿ ಲಿಪಿಯ ವಿಷಯವೂ ಬರುತ್ತದೆ. ಕನ್ನಡದ ಅಂಕಿಗಳಲ್ಲಿ ನಂಬರ್ ಬರೆಸುವ ಅಭಿಮಾನಿಗಳು ಕರ್ನಾಟಕದಲ್ಲಿ ಬಹಳ ಜನ ಇದ್ದಾರೆ. ಅಭಿಮಾನಕ್ಕೆ ನನ್ನ ಗೌರವವಿದೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮ ಕೇಳುವುದು ಇಂಗ್ಲಿಷ್ ಅಕ್ಷರ ಮತ್ತು ಅಂತರರಾಷ್ಟ್ರೀಯ ಅಂಕಿ. ಅಂತರರಾಷ್ಟ್ರೀಯ ಒಪ್ಪಂದಗಳು ಬೇರೆ ಲಿಪಿ ಬೇಡ ಎನ್ನುವುದಿಲ್ಲ. ಬೇರೆ ಲಿಪಿ ಇದ್ದರೆ ಅದರ ಜೊತೆಗೆ ರೋಮನ್ ಅಕ್ಷರದಲ್ಲೂ ಇರಲಿ ಎನ್ನುತ್ತವೆ. ಅಪಘಾತದಲ್ಲಿ ಬಿದ್ದವನು ನಿಮ್ಮ ಲಿಪಿ ಕಲಿತವನಾಗಿರುವುದಿಲ್ಲ ಎಂಬುದೇ ಇದರ ಹಿಂದಿನ ನ್ಯಾಯ. ಗುರುತು ಎಂಬುದು ಓದುವವನ ಅನುಕೂಲಕ್ಕೆ, ಬರೆಸಿದವನ ಸಂತೋಷಕ್ಕಲ್ಲ.

ಮೊದಲು ಹೇಳಿದ ಆ ಕಹಿಯಾದ ಉದಾಹರಣೆಗೆ ಬರುತ್ತೇನೆ. ನಮ್ಮ ರಾಜ್ಯಗಳ ನಡುವೆಯೂ ಇಂಥದೇ ಅಕ್ಷರಗಳಿವೆ. ಈಗಿರುವ ಕೆಎ, ಟಿಎನ್ ಪದ್ಧತಿ ಜಾರಿಗೆ ಬಂದದ್ದು 1989ರಲ್ಲಿ, ಹೊಸ ಮೋಟಾರು ವಾಹನ ಕಾಯ್ದೆಯ ಜೊತೆಗೆ. ನಾನು ಕನ್ನಡಿಗ, ನನ್ನ ಕಾರು ಟಿಎನ್ 05. ಬೆಂಗಳೂರಿನ ಹಲಸೂರಿನಲ್ಲಿ ತಲೆಮಾರುಗಳಿಂದ ಇರುವ ತಮಿಳರ ಕಾರುಗಳು ಕೆಎ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ಎರಡೂ ಕಡೆ ಜನ ಈ ಅಕ್ಷರಗಳನ್ನು ಜಾತಕದಂತೆ ಓದಿದರು. ಸೆಪ್ಟೆಂಬರ್ 12ರಂದು ಬೆಂಗಳೂರಿನ ಒಂದು ಡಿಪೋದಲ್ಲಿ ನಿಂತಿದ್ದ ತಮಿಳುನಾಡು ಮೂಲದ ಕಂಪನಿಯ ಹತ್ತಾರು ಬಸ್ಸುಗಳು ಬೂದಿಯಾದವು. ಈ ಕಡೆ ರಾಮೇಶ್ವರದಲ್ಲಿ ಕೆಎ ನಂಬರಿನ ಪ್ರವಾಸಿ ಗಾಡಿಗಳ ಗಾಜು ಒಡೆಯಿತು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಬಿತ್ತು. ಅತ್ತಿಬೆಲೆಯಲ್ಲಿ ಬಸ್ಸುಗಳು ನಿಂತು, ಹೆಂಗಸರು ಮಕ್ಕಳು ಗಂಟುಮೂಟೆ ಹೊತ್ತು ನಡೆದೇ ಗಡಿ ದಾಟಿದರು. ಗಾಡಿಯ ಗುರುತನ್ನು ಮನುಷ್ಯನ ಗುರುತೆಂದು ತಿಳಿದಾಗ ಆಗುವುದು ಹೀಗೆ. ಕೆಎ ಎಂಬ ಎರಡಕ್ಷರ ಹೇಳುವುದು ಇಷ್ಟೇ: ಈ ಗಾಡಿಯ ದಾಖಲೆ ಕರ್ನಾಟಕದ ಒಂದು ಆರ್‌ಟಿಓ ಕಚೇರಿಯಲ್ಲಿದೆ. ಅದನ್ನು ಓಡಿಸುವವನ ಭಾಷೆ ಯಾವುದು, ಅವನು ಯಾರ ಪರ ಎಂಬುದು ಆ ಅಕ್ಷರಕ್ಕೆ ಗೊತ್ತಿಲ್ಲ.

ಕಾನೂನಿನ ಪ್ರಕಾರ ಒಂದು ರಾಜ್ಯದ ನೋಂದಣಿ ಭಾರತಕ್ಕೆಲ್ಲ ಸಲ್ಲುತ್ತದೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮಾತ್ರ ಅಲ್ಲಿನ ಹೊಸ ನಂಬರ್ ಪಡೆಯಬೇಕು. ವರ್ಗವಾಗುತ್ತಲೇ ಇರುವವರ ಪಾಡು ನೋಡಿ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿ ತಂದಿತು. ಸೈನಿಕರು, ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳ ನೌಕರರು ಇದನ್ನು ಪಡೆಯಬಹುದು. ರೈಲ್ವೆಯವರೇ ತುಂಬಿರುವ ನಮ್ಮ ಪೆರಂಬೂರಿನಲ್ಲಿ ಇಂಥ ಪ್ಲೇಟು ಕಂಡರೆ ಅಚ್ಚರಿಯಿಲ್ಲ. ಆದರೆ ಬಿಎಚ್ ಇದ್ದರೂ ದೇಶ ಬಿಟ್ಟು ಹೋಗುವಾಗ ಬೆನ್ನಿಗೆ ಐಎನ್‌ಡಿ ಬೇಕು. ಬಿಎಚ್ ಎಂದರೆ ಭಾರತ ಎಂದು ಇಸ್ತಾಂಬುಲಿನ ಪೊಲೀಸನಿಗೆ ಹೇಗೆ ತಿಳಿಯಬೇಕು?

ಹೊರಗಿನವರು ನಮ್ಮಲ್ಲಿಗೆ ಬಂದಾಗಲೂ ಇದೇ ಲೆಕ್ಕ. 2022ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ ಬೇರೆ ದೇಶದ ಖಾಸಗಿ ಗಾಡಿ ಇಲ್ಲಿ ಓಡಬೇಕಾದರೆ ನೋಂದಣಿ ಪತ್ರ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆಯ ಚೀಟಿ ಗಾಡಿಯಲ್ಲೇ ಇರಬೇಕು. ಅವು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ದೃಢೀಕರಿಸಿದ ಅನುವಾದ ಬೇಕು. ಇಲ್ಲಿನ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಹೊತ್ತು ಬಾಡಿಗೆ ಮಾಡುವಂತಿಲ್ಲ. ಅತಿಥಿಯಾಗಿ ಬಂದವನು ತಾನು ಎಲ್ಲಿಯವನೆಂದು ಮೊದಲೇ ಹೇಳಿ ಬರಬೇಕೆಂದು ನಾವು ಅವರಿಂದ ಬಯಸುತ್ತೇವೆ. ನಾವು ಹೋದಾಗ ಅವರು ಬಯಸುವುದೂ ಅದನ್ನೇ.

ಕೇಳುಗರೇ, ಗಾಡಿಯ ಮೇಲಿನ ಬರಹಗಳಲ್ಲಿ ಎರಡು ಬಗೆ. ಒಂದು, ನಾನು ಇಂಥವನು, ನನ್ನನ್ನು ತಡೆಯಬೇಡಿ ಎನ್ನುವುದು. ಇನ್ನೊಂದು, ನಾನು ಇಂಥ ಕಡೆಯವನು, ನನ್ನಿಂದ ತಪ್ಪಾದರೆ ಅಲ್ಲಿ ಕೇಳಿ ಎನ್ನುವುದು. ಮೊದಲನೆಯದನ್ನು ನಾವು ಊರೊಳಗೆ ಹಣ ಕೊಟ್ಟು ಅಂಟಿಸಿಕೊಳ್ಳುತ್ತೇವೆ, ಎರಡನೆಯದನ್ನು ಪರದೇಶದಲ್ಲಿ ಪೊಲೀಸರು ಕೇಳಿದ ಮೇಲೆ ಹುಡುಕುತ್ತೇವೆ. ಇದು ತಿರುಗಬೇಕು. ಊರೊಳಗೆ ಅಧಿಕಾರ ತೋರಿಸುವ ಸ್ಟಿಕ್ಕರ್ ನಿಮ್ಮ ಗಾಡಿಯಲ್ಲಿದ್ದರೆ ಪೊಲೀಸರು ಹೇಳುವ ತನಕ ಕಾಯದೆ ಇವತ್ತೇ ಕಿತ್ತುಬಿಡಿ. ಪಕ್ಕದ ರಾಜ್ಯದ ನಂಬರಿನ ಗಾಡಿ ನಿಮ್ಮ ಬೀದಿಗೆ ಬಂದರೆ ದಾರಿ ಕೊಡಿ, ದಾರಿ ತಪ್ಪಿದ್ದರೆ ತೋರಿಸಿ. ಸ್ವಂತ ಗಾಡಿಯಲ್ಲಿ ದೇಶದಾಚೆ ಹೊರಟಿದ್ದರೆ ಲೈಸೆನ್ಸ್, ಕಾರ್ನೆ, ವಿಮೆಗಳ ಜೊತೆಗೆ ಸರಿಯಾದ ಅಳತೆಯ ಬಿಳಿಯ ಬಿಲ್ಲೆಯ ಮೇಲೆ ಐಎನ್‌ಡಿ ಬರೆಸಿ, ದೂರಕ್ಕೆ ಕಾಣುವಂತೆ ಹಿಂದೆ ಅಂಟಿಸಿಕೊಳ್ಳಿ. ಒಮ್ಮೆ ಅದನ್ನು ಅಂಟಿಸಿದ ಮೇಲೆ ನೀವು ಓಡಿಸುವ ರೀತಿಯನ್ನೇ ನೋಡಿ ಅಲ್ಲಿಯವರು ಭಾರತದ ಬಗ್ಗೆ ಮಾತಾಡುತ್ತಾರೆ ಎಂಬುದನ್ನು ಮರೆಯಬೇಡಿ.